ಚೆಂಡು ಇನ್ನೂ ಕೈಯಲ್ಲೇ ಇತ್ತಾ?

ಕೇಳುಗರೆಲ್ಲರಿಗೂ ನಮಸ್ಕಾರ.

ಬಾಸ್ಕೆಟ್‌ಬಾಲ್ ಪಂದ್ಯದ ಕೊನೆಯ ಒಂದು ನಿಮಿಷ. ಎರಡು ಪಾಯಿಂಟ್ ಮುಂದಿರುವ ತಂಡಕ್ಕೆ ಥ್ರೋ-ಇನ್, ಅಂದರೆ ಗೆರೆಯಾಚೆಯಿಂದ ಚೆಂಡನ್ನು ಒಳಗೆ ಎಸೆಯುವ ಅವಕಾಶ, ಸಿಕ್ಕಿದೆ. ಆಟಗಾರ್ತಿಯೊಬ್ಬಳು ಸೈಡ್‌ಲೈನ್ ಆಚೆ ಚೆಂಡು ಹಿಡಿದು ನಿಂತಿದ್ದಾಳೆ. ಎಸೆಯಲು ಅವಳಿಗಿರುವುದು 5 ಸೆಕೆಂಡು. ಒಳಗೆ ಅವಳ ಜೊತೆಗಾತಿ ಚೆಂಡಿಗಾಗಿ ಓಡುತ್ತಾಳೆ. ಎದುರಾಳಿ ಡಿಫೆಂಡರ್ ಅಡ್ಡ ಬಂದು ಡಿಕ್ಕಿ ಹೊಡೆಯುತ್ತಾಳೆ. ರೆಫರಿ ಸೀಟಿ ಊದುತ್ತಾರೆ. ಫೌಲ್ ಸರಿ, ಆದರೆ ಯಾವ ಫೌಲ್?

ಗ್ಯಾಲರಿಯಲ್ಲಿ ಜಗಳ ಶುರುವಾಗುವುದೇ ಇಲ್ಲಿ. ‘ಅಷ್ಟೇನೂ ಜೋರಾಗಿ ತಾಗಲಿಲ್ವಲ್ಲ’ ಅಂತಾರೆ. ಆದರೆ ಮೊದಲು ಕೇಳಬೇಕಾದ್ದು ಬೇರೆ: ಆ ಕ್ಷಣದಲ್ಲಿ ಚೆಂಡು ಎಲ್ಲಿತ್ತು?

ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆಯಾದ ಫಿಬಾದ ನಿಯಮ ಹೀಗಿದೆ. ನಾಲ್ಕನೇ ಕ್ವಾರ್ಟರ್‌ನ ಕೊನೆಯ 2 ನಿಮಿಷದಲ್ಲಿ, ಹಾಗೆಯೇ ಓವರ್‌ಟೈಮ್‌ನ ಕೊನೆಯ 2 ನಿಮಿಷದಲ್ಲಿ, ಚೆಂಡು ಇನ್ನೂ ರೆಫರಿಯ ಅಥವಾ ಎಸೆಯುವವಳ ಕೈಯಲ್ಲೇ ಇರುವಾಗ ಡಿಫೆಂಡರ್ ಫೌಲ್ ಮಾಡಿದರೆ ಅದು ಥ್ರೋ-ಇನ್ ಫೌಲ್. ಡಿಕ್ಕಿ ತಿಂದವಳಿಗೆ ಒಂದು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದೆ ಬುಟ್ಟಿಗೆ ಎಸೆಯುವ ಅವಕಾಶ. ಅದಾದ ಮೇಲೆ ಚೆಂಡೂ ಅವಳ ತಂಡಕ್ಕೇ. ಎದುರು ತಂಡದ ಫೌಲ್ ಎಷ್ಟಾಗಿದೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಅದೇ ಡಿಕ್ಕಿ ಚೆಂಡು ಕೈ ಬಿಟ್ಟ ಮೇಲೆ ಆದರೆ, ಮಾಮೂಲಿ ಫೌಲ್.

ಯಾಕೆ ಈ ವ್ಯತ್ಯಾಸ? ಚೆಂಡು ಒಳಗಿರುವ ಯಾರಿಗಾದರೂ ತಾಗುವವರೆಗೆ ಗಡಿಯಾರ ಓಡುವುದಿಲ್ಲ. ಹಿಂದಿರುವ ತಂಡ ಚೆಂಡು ಬರುವ ಮೊದಲೇ ಫೌಲ್ ಮಾಡಿದರೆ, ಒಂದು ಸೆಕೆಂಡೂ ಕಳೆಯದೆ ಎದುರಾಳಿಯನ್ನು ಫ್ರೀ ಥ್ರೋಗೆ ಕಳಿಸಿ, ಆಮೇಲೆ ಚೆಂಡನ್ನು ತಾನು ಪಡೆಯಬಹುದು. ಈ ದಾರಿಯನ್ನೇ ನಿಯಮ ಮುಚ್ಚಿದೆ. 2022ಕ್ಕೆ ಮುಂಚೆ ಇದನ್ನು ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಫೌಲ್ (ಕ್ರೀಡಾ ಮನೋಭಾವಕ್ಕೆ ಒಪ್ಪದ ಗಂಭೀರ ಫೌಲ್) ಎಂದೇ ಎಣಿಸುತ್ತಿದ್ದರು. ಅಂಥವು ಎರಡಾದರೆ ಆಟಗಾರ್ತಿ ಪಂದ್ಯದಿಂದಲೇ ಹೊರಗೆ. ಸುಮ್ನೆ ಅಡ್ಡ ಬಂದವಳಿಗೆ ಅದು ಜಾಸ್ತಿಯೇ ಆಗಿತ್ತು. ಈಗಿನ ಶಿಕ್ಷೆಯೇ ನ್ಯಾಯ ಅನ್ನುತ್ತೇನೆ ನಾನು. ಹಾಗಂತ ವಿಪರೀತ ಒರಟಾಗಿ ಹೊಡೆದರೆ ಹಳೆಯ ಹೆಸರೇ, ಹಳೆಯ ಶಿಕ್ಷೆಯೇ.

ಇನ್ನು ಗೆರೆಯ ಮಾತು. ಚೆಂಡು ಗೆರೆ ದಾಟಿ ಒಳಗೆ ಬರುವ ಮೊದಲು ಡಿಫೆಂಡರ್ ಕೈ ಗೆರೆಯಾಚೆ ಹೋಗಬಾರದು. ಬೇರೆ ಹೊತ್ತಿನಲ್ಲಿ ಮೊದಲ ಸಲ ಎಚ್ಚರಿಕೆ. ಅದು ಇಡೀ ತಂಡಕ್ಕೆ ಅನ್ವಯ. ಕೊನೆಯ 2 ನಿಮಿಷದಲ್ಲಿ ನೇರ ಟೆಕ್ನಿಕಲ್ ಫೌಲ್, ಅಂದರೆ ಡಿಕ್ಕಿಯಿಲ್ಲದ ನಿಯಮಭಂಗಕ್ಕೆ ಕೊಡುವ ಫೌಲ್. ಗೋಡೆ ಗೆರೆಗೆ ಹತ್ತಿರವಿದ್ದು, ಹೊರಗೆ 2 ಮೀಟರ್ ಜಾಗ ಇಲ್ಲದಿದ್ದರೆ, ಡಿಫೆಂಡರ್ ಎಸೆಯುವವಳಿಂದ 1 ಮೀಟರ್ ದೂರ ನಿಲ್ಲಬೇಕು. ಇಕ್ಕಟ್ಟಿನ ಶಾಲಾ ಅಂಗಳಗಳಲ್ಲಿ ಇದು ಬಹಳ ಮುಖ್ಯ, ಅಲ್ವಾ?

ಹೊಸ ರೆಫರಿಗಳಿಗೊಂದು ಮಾತು. ಆ ಕೊನೆಯ 2 ನಿಮಿಷದಲ್ಲಿ ಚೆಂಡು ಕೊಡುವ ಮೊದಲು ಡಿಫೆಂಡರ್‌ಗೆ ಗೆರೆ ದಾಟಬೇಡ ಎಂಬ ಸನ್ನೆ ತೋರಿಸಿ. ನೀವು ತೋರಿಸದಿದ್ದರೆ, ಅವಳು ಕೈ ಚಾಚಿದರೂ ನೇರವಾಗಿ ಟೆಕ್ನಿಕಲ್ ಫೌಲ್ ಕೊಡಲು ಬರುವುದಿಲ್ಲ. ಎಚ್ಚರಿಕೆಯನ್ನಷ್ಟೇ ಕೊಡಬೇಕು. ನಮಸ್ಕಾರ.