ಪಾಠಕ್ಕೆ ಮೊದಲು ಪ್ರಶ್ನೆ ಕಳಿಸಿ ನೋಡಿ

ನಮಸ್ಕಾರ. ಶುರುವಿಗೇ ಒಂದು ಪ್ರಶ್ನೆ. ಕೆಆರ್‌ಎಸ್ ಪೂರ್ತಿ ತುಂಬಿದೆ ಅಂದುಕೊಳ್ಳಿ, 124.80 ಅಡಿ. ಹಿನ್ನೀರು ಮೈಲಿಗಟ್ಟಲೆ ಹರಡಿದೆ. ಈಗ ಆ ಹಿನ್ನೀರನ್ನೆಲ್ಲ ತೆಗೆದುಬಿಟ್ಟು, ಅಣೆಕಟ್ಟಿನ ಗೋಡೆಗೆ ಅಂಟಿಕೊಂಡ ಹತ್ತೇ ಅಡಿ ಅಗಲದ ನೀರನ್ನು ಉಳಿಸಿದ್ದೀರಿ ಅಂದುಕೊಳ್ಳಿ. ನೀರಿನ ಮಟ್ಟ ಮಾತ್ರ ಮೊದಲಿನಷ್ಟೇ ಇದೆ. ಗೋಡೆಯ ಮೇಲಿನ ಒತ್ತಡ ಕಡಿಮೆ ಆಗುತ್ತಾ?

ಒಂದು ಕ್ಷಣ ನಿಲ್ಲಿಸಿ, ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳಿ. ಯಾಕೆ ಹಾಗೆ ಅಂತಲೂ ಹೇಳಿಕೊಳ್ಳಿ.

ನಾನು ಮೈಸೂರಿನಲ್ಲಿ ಡಿಗ್ರಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವವನು. ಈ ಪ್ರಶ್ನೆಯನ್ನು ಪಾಠದ ಹಿಂದಿನ ದಿನವೇ ಮಕ್ಕಳ ಮೊಬೈಲಿಗೆ ಕಳಿಸಿದರೆ ಸುಮಾರು ಜನ ಒಂದೇ ತರಹ ಬರೆಯುತ್ತಾರೆ: "ಅಷ್ಟೊಂದು ನೀರು ಹೋದಮೇಲೆ ಒತ್ತಡ ಕಡಿಮೆ ಆಗಲೇಬೇಕಲ್ವಾ ಸಾರ್." ತಪ್ಪು ಉತ್ತರ. ಆದರೆ ನನ್ನ ಮಟ್ಟಿಗೆ ಬಂಗಾರದಂಥ ತಪ್ಪು. ಇಡೀ ಹಿನ್ನೀರಿನ ಭಾರವನ್ನು ಗೋಡೆಯೇ ಹೊತ್ತು ನಿಂತಿದೆ ಅಂತ ಮಕ್ಕಳು ಅಂದುಕೊಂಡಿದ್ದಾರೆ. ಆ ಭಾರ ಹೊತ್ತಿರುವುದು ಕೆಳಗಿನ ನೆಲ. ನಿಂತ ನೀರು ಗೋಡೆಯನ್ನು ಎಷ್ಟು ತಳ್ಳುತ್ತದೆ ಅನ್ನುವುದು ಆಳಕ್ಕೆ ಬಿಟ್ಟದ್ದು, ಹಿಂದೆ ಎಷ್ಟು ದೂರ ನೀರಿದೆ ಅನ್ನುವುದಕ್ಕಲ್ಲ. ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾಯುಭಾರದಷ್ಟು, ಅಂದರೆ ನಮ್ಮ ಸುತ್ತಲಿನ ಗಾಳಿ ಒತ್ತುವಷ್ಟು, ಒತ್ತಡ ಏರುತ್ತದೆ. ಅದಕ್ಕೇ ಅಣೆಕಟ್ಟಿನ ಗೋಡೆ ಬುಡದಲ್ಲಿ ಅಷ್ಟು ದಪ್ಪ. ಗೋಡೆಯ ಹಿಂದೆ ಹತ್ತಡಿ ದೂರ ನೀರಿದ್ದರೂ ಅಷ್ಟೇ, ಹತ್ತು ಮೈಲಿ ದೂರ ಇದ್ದರೂ ಅಷ್ಟೇ.

ಸಿಲಬಸ್ಸಿನಲ್ಲಿ ಇದು ಒಂದು ಸೂತ್ರ. ಬೋರ್ಡಿನ ಮೇಲೆ ಬರೆದು, "ಅರ್ಥ ಆಯ್ತಾ?" ಅಂದರೆ ನೂರಿಪ್ಪತ್ತು ಜನ ಒಟ್ಟಿಗೆ "ಆಯ್ತು ಸಾರ್" ಅನ್ನುತ್ತಾರೆ. ಆ ಮಾತಿಗೆ ಅರ್ಥವೇ ಇಲ್ಲ. ಯಾರಿಗೆ ಆಯ್ತು, ಏನು ಆಯ್ತು, ಯಾರಿಗೆ ಗೊತ್ತು?

1935ರಲ್ಲಿ ಇದೇ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೊ ಕೇಂದ್ರ ಶುರು ಮಾಡಿದರು. ಅವರ ಎದುರಿಗೆ ಕೇಳುಗರು ಕೂತಿರಲಿಲ್ಲ, ಹಾಗಾಗಿ ಒಬ್ಬರೇ ಮಾತಾಡಬೇಕಿತ್ತು. ನಮ್ಮ ಎದುರಿಗೆ ನೂರಿಪ್ಪತ್ತು ಜನ ಕೂತಿದ್ದಾರೆ. ಆದರೂ ನಾವು ರೇಡಿಯೊ ತರಹವೇ ಮಾತಾಡುತ್ತೇವೆ.

ಪಾಠಕ್ಕೆ ಮೊದಲು ಪ್ರಶ್ನೆ ಕಳಿಸುವುದು ಹೊಸ ಐಡಿಯಾ ಏನಲ್ಲ. ಹಾರ್ವರ್ಡಿನ ಫಿಸಿಕ್ಸ್ ಪ್ರೊಫೆಸರ್ ಎರಿಕ್ ಮಜುರ್ 1991ರಿಂದಲೇ ತರಗತಿಯಲ್ಲಿ ಪ್ರಶ್ನೆ ಹಾಕಿ, ಪಕ್ಕದವರ ಜೊತೆ ವಾದ ಮಾಡಿ ಅನ್ನಲು ಶುರು ಮಾಡಿದರು. ಗ್ರೆಗರ್ ನೊವಾಕ್ ಮತ್ತು ಅವರ ಜೊತೆಗಾರರು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 1990ರ ದಶಕದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮಕ್ಕಳು ತರಗತಿಗೆ ಮೊದಲೇ ಇಂಟರ್ನೆಟ್‌ನಲ್ಲಿ ಉತ್ತರ ಬರೆಯಬೇಕು. ಮೇಷ್ಟ್ರು ಅದನ್ನು ಓದಿ, ಅವತ್ತಿನ ಪಾಠವನ್ನೇ ಬದಲಾಯಿಸಿಕೊಂಡು ಬರಬೇಕು. ಅದಕ್ಕೆ ಜಸ್ಟ್ ಇನ್ ಟೈಮ್ ಟೀಚಿಂಗ್ ಅಂತ ಹೆಸರಿಟ್ಟರು.

ಆ ಎರಡನೇ ಭಾಗವನ್ನೇ ಎಲ್ಲರೂ ಮರೆಯುವುದು. ಗೂಗಲ್ ಫಾರ್ಮ್ ಕಳಿಸುತ್ತಾರೆ, ಮಕ್ಕಳು ತುಂಬುತ್ತಾರೆ, ಇಂಟರ್ನಲ್ ಮಾರ್ಕ್ಸ್ ಬೀಳುತ್ತದೆ. ಬೆಳಗ್ಗೆ ಮೇಷ್ಟ್ರು ಬಂದು ಹಳೇ ನೋಟ್ಸನ್ನೇ ಓದುತ್ತಾರೆ. ಇಂಥದ್ದು ಮಕ್ಕಳಿಗೆ ಎರಡೇ ವಾರದಲ್ಲಿ ಗೊತ್ತಾಗಿಬಿಡುತ್ತದೆ. ಆಮೇಲೆ ಒಬ್ಬ ಬರೆಯುತ್ತಾನೆ, ಉಳಿದವರು ವಾಟ್ಸಾಪಿನಲ್ಲಿ ತೆಗೆದುಕೊಂಡು ಅಂಟಿಸುತ್ತಾರೆ. ನಾನಂತೂ ಅವರನ್ನು ಬೈಯುವುದಿಲ್ಲ. ಮೇಷ್ಟ್ರು ಓದದೇ ಇರುವ ಉತ್ತರವನ್ನು ಯಾರು ತಾನೇ ಕಷ್ಟಪಟ್ಟು ಬರೆಯುತ್ತಾರೆ?

ನೂರಿಪ್ಪತ್ತು ಉತ್ತರ ಓದುವುದು ಯಾರಿಂದ ಆಗುತ್ತದೆ ಅಂತ ನೀವು ಕೇಳಬಹುದು. ಪೇಪರ್ ವ್ಯಾಲ್ಯುಯೇಷನ್ ತರಹ ಓದಬೇಕಾಗಿಲ್ಲ. ಕಣ್ಣಾಡಿಸಿದರೆ ಸಾಕು. ಮೂವತ್ತು ನಲವತ್ತು ಓದುವಷ್ಟರಲ್ಲಿ ತಪ್ಪುಗಳು ಮೂರೋ ನಾಲ್ಕೋ ಗುಂಪಿಗೆ ಬಂದು ನಿಲ್ಲುತ್ತವೆ. ಗುಂಪಿಗೊಂದು ಉತ್ತರ ಆರಿಸಿ, ಹೆಸರು ತೆಗೆದು, ಬೋರ್ಡಿನ ಮೇಲೆ ಬರೆಯಿರಿ. "ಇವುಗಳಲ್ಲಿ ಯಾವುದು ಸರಿ? ಪಕ್ಕದವರನ್ನು ಒಪ್ಪಿಸಿ ನೋಡೋಣ" ಅನ್ನಿ. ಐದು ನಿಮಿಷ ಗಲಾಟೆ. ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ, ಯಾಕಂದ್ರೆ ಬೋರ್ಡಿನ ಮೇಲಿರುವುದು ಅವರದೇ ಮಾತು.

ಮಂಡ್ಯ ಕಡೆಯ ಮಕ್ಕಳಿಗೆ ನನ್ನ ಇಷ್ಟದ ಪ್ರಶ್ನೆ ಫಿಸಿಕ್ಸ್‌ದಲ್ಲ, ಬಾಟನಿಯದು. ಕಬ್ಬಿನ ಸಕ್ಕರೆಯಲ್ಲಿರುವ ಇಂಗಾಲ ಎಲ್ಲಿಂದ ಬಂತು? ಮನೆಯಲ್ಲೇ ಕಬ್ಬು ಬೆಳೆಯುವ ಮಕ್ಕಳು ಗೊಬ್ಬರದಿಂದ, ಮಣ್ಣಿನಿಂದ, ನಾಲೆ ನೀರಿನಿಂದ ಅನ್ನುತ್ತಾರೆ. ಸರಿ ಉತ್ತರ ಗಾಳಿಯಿಂದ; ಹಾಗೆ ಅನ್ನುವವರು ಕಡಿಮೆ. ನಾಲೆ ನೀರು ಅಂದವರನ್ನು ನೋಡಿ ನಗಬೇಡಿ. 17ನೇ ಶತಮಾನದಲ್ಲಿ ಹೆಲ್ಮಾಂಟ್ ಅನ್ನುವ ವಿಜ್ಞಾನಿ ಕುಂಡದಲ್ಲಿ ಗಿಡ ನೆಟ್ಟು ಐದು ವರ್ಷ ಬರೀ ನೀರು ಹಾಕಿದ. ಗಿಡ 164 ಪೌಂಡ್ ಬೆಳೆಯಿತು, ಮಣ್ಣು ಕಳೆದುಕೊಂಡದ್ದು ಕೆಲವೇ ಔನ್ಸ್. ಹಾಗಾದರೆ ಮರ ಆಗಿರುವುದು ನೀರಿನಿಂದಲೇ ಅಂತ ಅವನೂ ತೀರ್ಮಾನ ಮಾಡಿದ. ನಮ್ಮ ಹುಡುಗಿಯೊಬ್ಬಳ ಉತ್ತರದ ಪಕ್ಕದಲ್ಲಿ ಅವನ ಹೆಸರು ಬರೆದು ನೋಡಿ, ತರಗತಿಯ ಮುಖವೇ ಬೇರೆ ಆಗುತ್ತದೆ.

ಉತ್ತರ ಯಾವ ಭಾಷೆಯಲ್ಲಿ? ಇಲ್ಲಿ ನಾನು ಸ್ವಲ್ಪ ಹಟಮಾರಿ. ಕನ್ನಡದಲ್ಲಿ ಬರೆಯಲಿ, ಕಂಗ್ಲಿಷಿನಲ್ಲಿ ಬರೆಯಲಿ, ವಾಯ್ಸ್ ಮೆಸೇಜ್ ಕಳಿಸಲಿ. ಸಂಜೆ ವಾಪಸ್ ಹೋಗುವ ರೈಲಿನಲ್ಲಿ ನಿಂತುಕೊಂಡೇ, ಪಾಂಡವಪುರ ಬರುವಷ್ಟರಲ್ಲಿ ಟೈಪ್ ಮಾಡಿದ ಎರಡು ಸಾಲು ಸಾಕು. ಇಂಗ್ಲಿಷಿನಲ್ಲೇ ಬರೀಬೇಕು ಅಂದ ಕೂಡಲೇ ಮಕ್ಕಳು ಯೋಚನೆ ಮಾಡುವುದು ಬಿಟ್ಟು ವಾಕ್ಯ ಹುಡುಕಲು ಶುರು ಮಾಡುತ್ತಾರೆ. ಆಮೇಲೆ ಚಾಟ್‌ಜಿಪಿಟಿ ಬರೆದು ಕೊಡುತ್ತದೆ. ಅದನ್ನು ಗುರುತು ಹಿಡಿಯುವುದೇನೂ ಕಷ್ಟ ಅಲ್ಲ. ಯಾವ ಮಳವಳ್ಳಿ ಹುಡುಗನೂ ರಾತ್ರಿ ಹನ್ನೊಂದಕ್ಕೆ ಅಷ್ಟು ಅಚ್ಚುಕಟ್ಟಾದ ಪ್ಯಾರಾ ಬರೆಯುವುದಿಲ್ಲ. ಸರಿ ಉತ್ತರಕ್ಕೆ ಮಾರ್ಕ್ಸ್ ಇಡಬೇಡಿ, ಸ್ವಂತ ಮಾತಿನಲ್ಲಿ ಬರೆದದ್ದಕ್ಕೆ ಇಡಿ. ಕದಿಯುವ ಅಗತ್ಯವೇ ಅರ್ಧ ಹೋಗುತ್ತದೆ.

"ಪೋರ್ಷನ್ ಮುಗಿಯಲ್ಲ" ಅನ್ನುವ ದೂರು ನನಗೆ ಗೊತ್ತು. ನಿಜ, ಕೆಲವು ಪುಟ ಮಕ್ಕಳೇ ಓದಿಕೊಳ್ಳಬೇಕಾಗುತ್ತದೆ. ಓದಿಕೊಳ್ಳಲಿ ಬಿಡಿ. 2014ರಲ್ಲಿ ಅಮೆರಿಕದ ಸ್ಕಾಟ್ ಫ್ರೀಮನ್ ಮತ್ತು ಜೊತೆಗಾರರು ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಪಾಠಗಳ ಮೇಲಿನ 225 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದರು. ಬರೀ ಭಾಷಣದ ತರಗತಿಯಲ್ಲಿ ನೂರಕ್ಕೆ ಸುಮಾರು 34 ಜನ ಫೇಲ್. ಮಕ್ಕಳೂ ಪಾಲ್ಗೊಳ್ಳುವ ತರಗತಿಯಲ್ಲಿ ಸುಮಾರು 22. ಇನ್ನೊಂದು ತಮಾಷೆ ಇದೆ. 2019ರಲ್ಲಿ ಹಾರ್ವರ್ಡಿನಲ್ಲಿ ಮಾಡಿದ ಅಧ್ಯಯನದಲ್ಲಿ, ಸೊಗಸಾದ ಭಾಷಣ ಕೇಳಿದ ಮಕ್ಕಳಿಗೆ ತಾವೇ ಜಾಸ್ತಿ ಕಲಿತೆವು ಅನ್ನಿಸಿತು. ಟೆಸ್ಟಿನಲ್ಲಿ ಜಾಸ್ತಿ ತೆಗೆದವರು ತಾವೇ ಪಾಲ್ಗೊಂಡ ತರಗತಿಯವರು. ಹಾಗಾಗಿ ಮೊದಲ ತಿಂಗಳು ಮಕ್ಕಳೇ ಗೊಣಗುತ್ತಾರೆ: "ಸಾರ್ ಪಾಠಾನೇ ಮಾಡಲ್ಲ, ಬರೀ ಪ್ರಶ್ನೆ." ಇದನ್ನು ಮೊದಲ ದಿನವೇ ಅವರಿಗೆ ಹೇಳಿಬಿಡಿ.

ನನ್ನ ನಿಜವಾದ ತಕರಾರು ಬೇರೆ. ಸ್ಮಾರ್ಟ್ ಬೋರ್ಡಿಗೆ ಕಾಲೇಜುಗಳಲ್ಲಿ ದುಡ್ಡು ಸಿಗುತ್ತದೆ. ಉತ್ತರ ಓದುವ ಒಂದು ಗಂಟೆಗೆ ಸಿಗುವುದಿಲ್ಲ. ಸರ್ಕಾರಿ ಕಾಲೇಜುಗಳಲ್ಲಿ ಎಷ್ಟೋ ತರಗತಿಗಳನ್ನು ನಡೆಸುತ್ತಿರುವುದು ಅತಿಥಿ ಉಪನ್ಯಾಸಕರು. ಅವರ ಲೆಕ್ಕಕ್ಕೆ ಬರುವುದು ತರಗತಿಯೊಳಗಿನ ಗಂಟೆ ಮಾತ್ರ. ಅವರ ಹತ್ತಿರ ಹೋಗಿ "ರಾತ್ರಿ ಕೂತು ಉತ್ತರ ಓದಿ" ಅನ್ನಲು ನನಗೆ ಬಾಯಿ ಬರುವುದಿಲ್ಲ. ಆ ಓದುವ ಗಂಟೆಯನ್ನೂ ವರ್ಕ್‌ಲೋಡಿಗೆ ಸೇರಿಸಬೇಕು. ಅದು ಸರ್ಕಾರದ ಮಟ್ಟದ ಮಾತು, ತಡವಾಗುತ್ತದೆ. ಪ್ರಾಂಶುಪಾಲರು ಯಾರಾದರೂ ಕೇಳುತ್ತಿದ್ದರೆ, ನಿಮ್ಮ ಕೈಯಲ್ಲೇ ಆಗುವ ಕೆಲಸವೊಂದಿದೆ. ಈ ಸೆಮಿಸ್ಟರಿನ ಟೈಮ್‌ಟೇಬಲ್ ಹಾಕುವಾಗ ಫಸ್ಟ್ ಇಯರ್ ಫಿಸಿಕ್ಸ್ ತರಗತಿಯನ್ನು ಬೆಳಗ್ಗೆ 9ರಿಂದ ತೆಗೆದು 11ಕ್ಕೆ ಹಾಕಿ. ಆ ಎರಡು ಗಂಟೆಯಲ್ಲಿ ಮೇಷ್ಟ್ರು ಉತ್ತರ ಓದಿಕೊಳ್ಳಲಿ, ಅವರಿಗೆ ಬೇರೆ ಡ್ಯೂಟಿ ಮಾತ್ರ ಕೊಡಬೇಡಿ.