ತಗಡಿನ ಪೆಟ್ಟಿಗೆ ಹೊತ್ತವರು

ಕೇಳುಗರಿಗೆ ನಮಸ್ಕಾರ.

ಒಂದೂರಿನಿಂದ ಇನ್ನೊಂದೂರಿಗೆ ಎಷ್ಟು ದೂರ ಎಂದು ಕೇಳಿದರೆ, ಕೊಡಗಿನ ನಮ್ಮ ಹಿರಿಯರು ಮೈಲಿಯ ಲೆಕ್ಕ ಹೇಳುವ ಮೊದಲು, ಬೇಸಿಗೆಯಲ್ಲೋ ಮಳೆಗಾಲದಲ್ಲೋ ಎಂದು ತಿರುಗಿ ಕೇಳುತ್ತಿದ್ದರು. ಆ ಮಳೆ, ಆ ಕಾಡು, ಆ ಹೊಳೆಗಳ ನಡುವೆ ಕಥೋಲಿಕ ಗುರುಗಳು ಹೇಗೆ ಓಡಾಡಿದರು, ಅವರನ್ನು ಊರಿನಿಂದ ಊರಿಗೆ ಮುಟ್ಟಿಸಿದವರು ಯಾರು ಎಂಬುದನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅಲ್ಲಿಂದ ತಪ್ಪಿಸಿಕೊಂಡು ಬಂದ ಕೆಲವು ಕುಟುಂಬಗಳಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರನು ಆಶ್ರಯ ಕೊಟ್ಟು, 1792ರಲ್ಲಿ ತಾನೇ ಕಟ್ಟಿಸಿದ ವಿರಾಜಪೇಟೆಯಲ್ಲಿ ನೆಲೆಯನ್ನೂ ದೇವಾಲಯಕ್ಕೆ ಜಾಗವನ್ನೂ ಒದಗಿಸಿದನು. ಇಂದಿನ ಸಂತ ಅನ್ನಮ್ಮ ದೇವಾಲಯದ ಚರಿತ್ರೆ ಅಲ್ಲಿಂದ ಮೊದಲಾಗುತ್ತದೆ. ನೆಲೆಯೇನೋ ಸಿಕ್ಕಿತು, ಆದರೆ ದಾರಿ ಇರಲಿಲ್ಲ. ಶತ್ರುವಿನ ಸೈನ್ಯ ಸಲೀಸಾಗಿ ನುಗ್ಗಬಾರದೆಂದು ನಾಡಿನ ಸುತ್ತ ಕಾಡನ್ನು ದಟ್ಟವಾಗಿಯೇ ಉಳಿಸಿಕೊಂಡು, ನಾಡಿನುದ್ದಕ್ಕೂ ಕಡಂಗಗಳೆಂಬ ಆಳವಾದ ಕಂದಕಗಳನ್ನು ತೋಡಿದ್ದ ಕಾಲ ಅದು. ಸೈನ್ಯವನ್ನು ತಡೆದ ಆ ಕಾಡು, ಕಡಂಗಗಳೇ ಕ್ರೈಸ್ತ ದೀಕ್ಷೆಯಾದ ಜ್ಞಾನಸ್ನಾನ ಕೊಡಲು ಬರುವ ಪಾದ್ರಿಯನ್ನೂ ತಡೆಯುತ್ತಿದ್ದವು.

1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಮೇಲೆ, ಸಂಪಾಜೆಯ ಮೂಲಕ ಮಂಗಳೂರಿಗೆ, ಪೆರುಂಬಾಡಿ ಮತ್ತು ಮಾಕುಟ್ಟದ ಮೂಲಕ ಮಲಬಾರಿಗೆ, ಕುಶಾಲನಗರದ ಮೂಲಕ ಮೈಸೂರಿಗೆ ಗಾಡಿ ಹೋಗುವ ರಸ್ತೆಗಳು ಒಂದೊಂದಾಗಿ ಸಿದ್ಧವಾದವು. 1850ರಲ್ಲಿ ಮೈಸೂರು ಸೀಮೆಯ ಧರ್ಮಸಭೆಗೆ ಪ್ರತ್ಯೇಕ ಆಡಳಿತ ಏರ್ಪಟ್ಟು, ಪ್ಯಾರಿಸ್ ವಿದೇಶಿ ಪ್ರೇಷಿತ ಸಂಸ್ಥೆಯ ಫ್ರೆಂಚ್ ಗುರುಗಳು ಅದರ ಹೊಣೆ ಹೊತ್ತರು. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್. ಎತ್ತಿನ ಗಾಡಿಯಲ್ಲಿ ಹೊರಟವರು ಎತ್ತುಗಳಿಗೆ ವಿಶ್ರಾಂತಿ ಕೊಟ್ಟುಕೊಂಡು ಬಂದರೆ ನಾಲ್ಕೈದು ದಿನವಾದರೂ ಬೇಕಾಗುತ್ತಿತ್ತು.

ಆದರೆ ನಿಜವಾದ ಕಷ್ಟ ಹೆದ್ದಾರಿಯಲ್ಲಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. 1854ರ ನಂತರ ಮಡಿಕೇರಿಯ ಆಸುಪಾಸಿನಲ್ಲಿ ಆರಂಭವಾದ ದೊಡ್ಡ ಕಾಫಿ ತೋಟಗಳು ನಾಡಿನ ಉದ್ದಗಲಕ್ಕೂ ಹಬ್ಬಿದಾಗ, ಮೈಸೂರು ಸೀಮೆಯಿಂದ, ತಮಿಳು ನಾಡಿನಿಂದ, ಕರಾವಳಿಯಿಂದ ಕೂಲಿಗೆಂದು ಬಂದವರಲ್ಲಿ ಕಥೋಲಿಕರೂ ಇದ್ದರು. ರಸ್ತೆಗಳು ಕಾಫಿ ಮೂಟೆಯನ್ನು ಬಂದರಿಗೆ ಮುಟ್ಟಿಸಲು ಆಗಿದ್ದವೇ ಹೊರತು ಕೂಲಿಗಳ ಸಾಲುಮನೆಗಳಾದ ಲೈನ್ ಮನೆಗಳನ್ನು ಒಂದಕ್ಕೊಂದು ಕೂಡಿಸಲು ಅಲ್ಲ. ಒಂದು ತೋಟದಲ್ಲಿ ನಾಲ್ಕು ಮನೆ, ಹೊಳೆಯಾಚೆಯ ಇನ್ನೊಂದರಲ್ಲಿ ಎರಡು ಮನೆ, ನಡುವೆ ಕಾಡು. ಹಣ್ಣು ಕೊಯ್ಯುವ ಕಾಲದಲ್ಲಿ ಜನರೂ ತುಂಬಿರುತ್ತಿದ್ದರು, ದಾರಿಯೂ ಒಣಗಿರುತ್ತಿತ್ತು. ಗುರುಗಳ ಸಂಚಾರಕ್ಕೆ ಅದೇ ಸಕಾಲ. ಆ ಮೇಲೆ ಬೇಸಿಗೆಯ ಕೊನೆಗೆ ಮಲೆಜ್ವರ, ಜೂನ್ ಬಂದರೆ ಮಳೆ ಮತ್ತು ಜಿಗಣೆ.

ನನ್ನ ಅಜ್ಜ ಸಿದ್ದಾಪುರದ ಕಡೆಯ ಒಂದು ತೋಟದಲ್ಲಿ ಕೆಲಸಕ್ಕಿದ್ದರು. 1930ರ ದಶಕದಲ್ಲಿ ಸ್ವಾಮಿಯವರು, ಅಂದರೆ ಗುರುಗಳು, ತೋಟಗಳಿಗೆ ಬಂದಾಗಲೆಲ್ಲ ಅವರ ಪೆಟ್ಟಿಗೆ ಹೊರುವ ಹೊಣೆ ಅಜ್ಜನದು. ಅದು ತಗಡಿನ ಪೆಟ್ಟಿಗೆ, ಮೇಲೆ ಮೇಣಬಟ್ಟೆಯ ಸುತ್ತು. ಒಳಗೆ ಪೂಜಾವಸ್ತ್ರ, ಬಟ್ಟಲು, ದ್ರಾಕ್ಷಾರಸದ ಪುಟ್ಟ ಸೀಸೆ, ಎರಡು ಮೇಣದಬತ್ತಿ, ಎಲ್ಲಕ್ಕೂ ಅಡಿಯಲ್ಲಿ ಸ್ಲೇಟಿನಷ್ಟು ಅಗಲದ, ಎರಡು ಬೆರಳು ದಪ್ಪದ ಒಂದು ಕಲ್ಲು. ಸಂತರ ಅವಶೇಷವನ್ನು ಹುದುಗಿಸಿ ಅಭಿಷೇಕಿಸಿದ ಆ ಕಲ್ಲಿಲ್ಲದೆ ಲೈನ್ ಮನೆಯ ಜಗಲಿಯ ಮೇಲೆ ಪೂಜೆ ಅರ್ಪಿಸುವಂತಿರಲಿಲ್ಲ. ದೇವಾಲಯವನ್ನೇ ತಲೆಯ ಮೇಲೆ ಹೊತ್ತ ಹಾಗೆ ಎಂದು ಅಜ್ಜ ಹೇಳುತ್ತಿದ್ದರು. ಜೋರು ಮಳೆಯ ಕಕ್ಕಡ ತಿಂಗಳ ತೇವಕ್ಕೆ, ಪೂಜೆಯಲ್ಲಿ ಪರಮಪ್ರಸಾದವಾಗುವ ತೆಳು ಅಪ್ಪಗಳು ಮೆತ್ತಗಾಗದಿರಲೆಂದು, ಬಂದಿಳಿದ ರಾತ್ರಿ ಅವುಗಳ ಡಬ್ಬಿಯನ್ನು ಒಲೆಯ ಮೇಲಿನ ಅಟ್ಟದಲ್ಲಿಡುತ್ತಿದ್ದರಂತೆ.

ಇದರ ಜೊತೆಗೆ ಇಂದಿನವರು ಮರೆತಿರುವ ಒಂದು ನಿಯಮವಿತ್ತು. ಪೂಜೆ ಅರ್ಪಿಸುವ ಗುರುವೂ ಪರಮಪ್ರಸಾದ ಸ್ವೀಕರಿಸುವ ಜನರೂ ಹಿಂದಿನ ನಡುರಾತ್ರಿಯಿಂದ ಅನ್ನವಿರಲಿ, ನೀರನ್ನೂ ಮುಟ್ಟುವಂತಿರಲಿಲ್ಲ. ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ಪೂಜೆ ಆರಂಭಿಸುವಂತೆಯೂ ಇರಲಿಲ್ಲ. ಭಾನುವಾರ ಎರಡು ಕಡೆ ಪೂಜೆಯಿದ್ದರೆ, ಮೊದಲನೆಯದು ಮುಗಿದ ಕೂಡಲೇ ಸ್ವಾಮಿಯವರು ಬರಿಹೊಟ್ಟೆಯಲ್ಲೇ ಗುಡ್ಡ ಹತ್ತಿಳಿದು, ಹರಿಗೋಲಿನಲ್ಲಿ ಕಾವೇರಿ ದಾಟಿ, ಎರಡನೆಯ ತೋಟವನ್ನು ಸೇರಬೇಕಿತ್ತು. ಸುತ್ತೆಲ್ಲ ಕಾಫಿ ಬೆಳೆಯುವ ನಾಡಿನಲ್ಲಿ ಒಂದು ಗುಟುಕು ಕಾಫಿಗೂ ಅನುಮತಿಯಿಲ್ಲ. ಜೊತೆಗೆ ನಡೆಯುವ ಅಜ್ಜನೂ ಸ್ವಾಮಿಯವರ ಎದುರು ತಿನ್ನಲಾರದೆ ಹಾಗೆಯೇ ನಡೆಯುತ್ತಿದ್ದರು. ಹೊಳೆ ಉಕ್ಕಿ ಅಂಬಿಗ ಹರಿಗೋಲು ಬಿಡಲು ಒಪ್ಪದಿದ್ದ ಒಂದು ದಿನ, ಆಚೆ ದಡದಲ್ಲಿ ಮಕ್ಕಳು ಮುದುಕರೆಲ್ಲ ಉಪವಾಸವಿದ್ದು ಕಾಯುತ್ತಿರುವುದು ಈಚೆಗೆ ಕಾಣುತ್ತಿತ್ತಂತೆ. ಸ್ವಾಮಿಯವರು ಈ ದಡದಲ್ಲಿ ನಿಂತು ಕೈಯೆತ್ತಿ ಆಶೀರ್ವದಿಸಿ ಹಿಂತಿರುಗಿದರು. ಇದನ್ನು ಹೇಳುವಾಗಲೆಲ್ಲ ಅಜ್ಜ ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದರು. ನೀರು ಕುಡಿದರೆ ಉಪವಾಸ ಮುರಿಯುವುದಿಲ್ಲ ಎಂದು ಪೋಪ್ ಹನ್ನೆರಡನೆಯ ಪಯಸ್ ಅವರು ನಿಯಮ ಸಡಿಲಿಸಿದ್ದು 1953ರಲ್ಲಿ; ಉಪವಾಸ ಮೂರು ಗಂಟೆಗೆ ಇಳಿದದ್ದು 1957ರಲ್ಲಿ.

ಸಾಯುವವರ ಕರೆ ಬಂದರೆ ಕಷ್ಟ ಇನ್ನೂ ಹೆಚ್ಚು. ಸುದ್ದಿ ತರುವವನು ಒಂದು ದಿನ ನಡೆದು ಬರಬೇಕು, ಗುರುಗಳು ಅವನೊಡನೆ ಇನ್ನೊಂದು ದಿನ ನಡೆಯಬೇಕು. ಪರಮಪ್ರಸಾದದ ಪುಟ್ಟ ಕರಂಡಕವನ್ನು ಕೊರಳಿಗೆ ಕಟ್ಟಿಕೊಂಡು, ದಾರಿಯುದ್ದಕ್ಕೂ ಮಾತಿಲ್ಲದೆ ಪ್ರಾರ್ಥಿಸುತ್ತ ನಡೆದು ತಲುಪಿದಾಗ ಕೊನೆಗಾಲದ ಪವಿತ್ರ ತೈಲದ ಅಭ್ಯಂಗ ಕೊಡಬೇಕಾದವನ ಸಮಾಧಿ ಆಗಿಹೋಗಿರುವುದೂ ಇತ್ತು.

ಜೀಪು, ಮೋಟಾರ್ ಸೈಕಲ್ ಬಂದ ಮೇಲೆ ಇದೆಲ್ಲ ಬದಲಾಯಿತು, ನಿಜ. ಆದರೂ ಈ ಜಿಲ್ಲೆಗೆ ಇಂದಿಗೂ ರೈಲಿಲ್ಲ; ನಮಗಿರುವುದು ಘಾಟಿಯ ರಸ್ತೆಯೊಂದೇ. 2018ರ ಜೂನ್‌ನಲ್ಲಿ ಮಾಕುಟ್ಟದ ರಸ್ತೆ ಕುಸಿಯಿತು, ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಜರಿದು ಮಂಗಳೂರಿನ ಹೆದ್ದಾರಿಯೇ ಕಡಿಯಿತು. ಮರುವರ್ಷ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಯ ಮನೆಗಳಿಗೆ ಕಾವೇರಿ ನುಗ್ಗಿತು. ಸಿದ್ದಾಪುರದ ಸುತ್ತಿನ ತೋಟಗಳಲ್ಲಿ ಕತ್ತಲಾದ ಮೇಲೆ ಆನೆಯ ಭಯಕ್ಕೆ ಯಾರೂ ಸುಲಭವಾಗಿ ಹೊರಡುವುದಿಲ್ಲ, ಗುರುಗಳೂ ಕೂಡ.

ಜ್ಞಾನಸ್ನಾನದ ದಾಖಲೆಪುಸ್ತಕದಲ್ಲಿ ಮಗುವಿನ ಹೆಸರಿರುತ್ತದೆ, ತಂದೆತಾಯಿಯ ಹೆಸರು, ಜ್ಞಾನತಂದೆ ಜ್ಞಾನತಾಯಿಯರ ಹೆಸರು, ಕೊನೆಗೆ ಗುರುಗಳ ಸಹಿ ಇರುತ್ತದೆ. ಆ ಗುರುಗಳನ್ನು ಹೊಳೆ ದಾಟಿಸಿದ ಅಂಬಿಗನ, ರಾತ್ರಿ ಗಾಡಿ ಹೊಡೆದವನ, ಪೆಟ್ಟಿಗೆ ಹೊತ್ತವನ ಹೆಸರು ಬರೆಯುವ ಅಂಕಣ ಅದರಲ್ಲಿ ಇಲ್ಲ. ಅವರಲ್ಲಿ ಎಲ್ಲರೂ ಕ್ರೈಸ್ತರಾಗಿರಲಿಲ್ಲ. ಅಜ್ಜ ನೆನೆಯುತ್ತಿದ್ದ ಅಂಬಿಗ ಕಾವೇರಮ್ಮನಿಗೆ ಕೈಮುಗಿದೇ ಹರಿಗೋಲಿಗೆ ಹುಟ್ಟು ಹಾಕುತ್ತಿದ್ದವರು. ನಿಮ್ಮ ಮನೆಯ ಹಿರಿಯರಲ್ಲಿ ಅಂಥವರು ಯಾರಾದರೂ ಇದ್ದರೆ, ಅವರ ಹೆಸರನ್ನೂ, ಅವರು ಹೊಳೆ ದಾಟಿಸಿದ ಕಡವಿನ ಹೆಸರನ್ನೂ ಈ ಮಳೆಗಾಲ ಮುಗಿಯುವುದರೊಳಗೆ ಕೇಳಿ ಬರೆದಿಟ್ಟುಕೊಳ್ಳಿ ಎಂದು ಬೇಡಿಕೊಳ್ಳುತ್ತೇನೆ. ನಮಸ್ಕಾರ.