ಮಂಜು, ಮಳೆ, ಬಿಸಿಲು ಮತ್ತು ತಂತಿಯಿಲ್ಲದ ಬೆಳಕಿನ ಸಂಪರ್ಕ

ಕೇಳುಗರೆಲ್ಲರಿಗೂ ನಮಸ್ಕಾರ. ಎಫ್.ಎಂ. ಪ್ರಸಾರದ ರೇಡಿಯೊ ಅಲೆಯ ಉದ್ದ ಸುಮಾರು 3 ಮೀಟರ್. ಸಕಲೇಶಪುರದ ತೋಟದ ಮನೆಯೊಂದರಲ್ಲಿ ಅಂಗಳದಾಚೆಗಿನ ಮರಗಳೂ ಕಾಣದಂತೆ ಮಂಜು ಮುಸುಕಿದ ಬೆಳಗಿನಲ್ಲೂ ರೇಡಿಯೊದ ದನಿ ಕುಂದುವುದಿಲ್ಲ. ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಗಾತ್ರದ ಮಂಜಿನ ಹನಿಗಳು ಇಷ್ಟು ಉದ್ದದ ಅಲೆಯ ಪಾಲಿಗೆ ಇದ್ದೂ ಇಲ್ಲದಂತೆ. ಇಂದಿನ ಭಾಷಣದ ವಿಷಯವಾಗಿರುವ ಅಲೆ ಇದಕ್ಕಿಂತ ಸುಮಾರು ಇಪ್ಪತ್ತು ಲಕ್ಷ ಪಟ್ಟು ಚಿಕ್ಕದು. ಅದು ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಆ ಬೆಳಕಿನ ಮೇಲೆ ಮಾಹಿತಿಯನ್ನು ಹೊರಿಸಿ, ತಂತಿಯಾಗಲಿ ಗಾಜಿನ ಎಳೆಯಾಗಲಿ ಇಲ್ಲದೆ, ಬರಿಯ ಗಾಳಿಯ ಮೂಲಕ ಒಂದೆಡೆಯಿಂದ ಇನ್ನೊಂದೆಡೆಗೆ ಕಳಿಸುವ ವಿಧಾನವನ್ನು ನಿಸ್ತಂತು ಬೆಳಕಿನ ಸಂವಹನ ಎನ್ನುತ್ತಾರೆ. ಇದು ಎಲ್ಲಿ ಚೆನ್ನಾಗಿ ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಉಪಕರಣಕ್ಕಿಂತ ಹೆಚ್ಚಾಗಿ ಆ ಸ್ಥಳದ ಹವೆಯೇ ನಿರ್ಧರಿಸುತ್ತದೆ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಮಲೆನಾಡೂ ಬಯಲುಸೀಮೆಯೂ ಒಂದಕ್ಕೊಂದು ತಾಗಿಕೊಂಡಿರುವುದರಿಂದ, ಈ ವಿಷಯವನ್ನು ವಿವರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ನೆಲ ಸಿಗಲಾರದು.

ಏರ್ಪಾಡು ಸರಳವಾದದ್ದು. ಒಂದು ಗೋಪುರದ ಮೇಲೆ ಲೇಸರ್ ಕಿರಣವನ್ನು ಕಳಿಸುವ ಪೆಟ್ಟಿಗೆ; ಒಂದೆರಡು ಕಿಲೋಮೀಟರ್ ಆಚೆ, ಅದಕ್ಕೆ ನೇರವಾಗಿ ಮುಖ ಮಾಡಿ ನಿಂತ ಇನ್ನೊಂದು ಪೆಟ್ಟಿಗೆ. ಕಿರಣದ ಪ್ರಕಾಶವನ್ನು ಸೆಕೆಂಡಿಗೆ ನೂರಾರು ಕೋಟಿ ಸಲ ಏರಿಳಿಸಿ ಅಂಕಿಗಳ ರೂಪದ ಮಾಹಿತಿಯನ್ನು ಕಳಿಸುತ್ತಾರೆ. ಆಚೆಯ ಮಸೂರ ಆ ಬೆಳಕನ್ನು ಒಟ್ಟುಗೂಡಿಸಿ, ಬೆಳಕನ್ನು ವಿದ್ಯುತ್ತಾಗಿಸುವ ಸಣ್ಣ ಸಾಧನದ ಮೇಲೆ ಬೀಳಿಸುತ್ತದೆ. ರೇಡಿಯೊ ತರಂಗಗಳನ್ನು ಬಳಸುವವರಿಗೆ ಇರುವ ತರಂಗಾಂತರ ಹಂಚಿಕೆಯ ಗೊಡವೆ ಇಲ್ಲಿಲ್ಲ, ಏಕೆಂದರೆ ಅಂತರರಾಷ್ಟ್ರೀಯ ರೇಡಿಯೊ ನಿಯಮಗಳ ವ್ಯಾಪ್ತಿ 3,000 ಗಿಗಾಹರ್ಟ್ಸ್‌ಗೆ ಮುಗಿಯುತ್ತದೆ. ಈ ಬೆಳಕಿನ ಆವರ್ತನ ಅದಕ್ಕಿಂತ ಬಹಳ ಮೇಲಿದೆ. ನೆಲ ಅಗೆಯಬೇಕಾಗಿಲ್ಲ. ಕಿರಣ ತೆಳುವಾಗಿರುವುದರಿಂದ ನಡುವೆ ಕದ್ದು ಕೇಳುವುದೂ ಸುಲಭವಲ್ಲ.

ಇದು ಹೊಸ ಆಲೋಚನೆಯೇನೂ ಅಲ್ಲ. ಅಲೆಕ್ಸಾಂಡರ್ ಗ್ರಹಾಂ ಬೆಲ್ ಮತ್ತು ಅವರ ಸಹಾಯಕ ಚಾರ್ಲ್ಸ್ ಸಮ್ನರ್ ಟೈಂಟರ್ 1880ರಲ್ಲಿ ವಾಷಿಂಗ್ಟನ್ ನಗರದಲ್ಲಿ ಬಿಸಿಲಿನ ಕಿರಣದ ಮೇಲೆ ಮನುಷ್ಯನ ಮಾತನ್ನು ಸುಮಾರು 213 ಮೀಟರ್ ದೂರಕ್ಕೆ ಕಳಿಸಿದರು. ಮಾತಿಗೆ ತಕ್ಕಂತೆ ಕಂಪಿಸುವ ತೆಳ್ಳನೆಯ ಕನ್ನಡಿ ಬಿಸಿಲನ್ನು ಪ್ರತಿಫಲಿಸುತ್ತಿತ್ತು. ಆಚೆ ಬದಿಯಲ್ಲಿ ಸೆಲೆನಿಯಂ ಕೋಶ ಆ ಏರಿಳಿತವನ್ನು ಗ್ರಹಿಸುತ್ತಿತ್ತು. ಟೆಲಿಫೋನಿಗಿಂತಲೂ ಇದೇ ತಮ್ಮ ದೊಡ್ಡ ಸಾಧನೆಯೆಂದು ಬೆಲ್ ನಂಬಿದ್ದರು. ಆದರೆ ಮೋಡ ಅಡ್ಡ ಬಂದರೆ ಅವರ ಉಪಕರಣ ಮೂಕವಾಗುತ್ತಿತ್ತು. 1960ರಲ್ಲಿ ಲೇಸರ್ ಬಂದಮೇಲೆ ಬೆಳಕಿನ ಆಕರದ ಸಮಸ್ಯೆ ಬಗೆಹರಿಯಿತು, ಗಾಳಿಯದು ಬಗೆಹರಿಯಲಿಲ್ಲ. ಎಪ್ಪತ್ತರ ದಶಕದಿಂದ ಬೆಳೆದ ಗಾಜಿನ ಎಳೆಯ ತಂತ್ರಜ್ಞಾನವನ್ನು, ಅಂದರೆ ಇಂದಿನ ಫೈಬರ್ ಕೇಬಲ್ಲನ್ನು, ಬೆಳಕನ್ನು ಹವೆಯ ಕೈಯಿಂದ ಬಿಡಿಸಿ ನೆಲದೊಳಗೆ ಭದ್ರವಾಗಿಡುವ ಉಪಾಯವೆಂದೇ ನಾನು ನೋಡುತ್ತೇನೆ.

ಹಾಗಾದರೆ ಮತ್ತೆ ಗಾಳಿಗೇಕೆ ಬರಬೇಕು ಎಂದು ಕೇಳಬಹುದು. ಘಟ್ಟದ ರಸ್ತೆಯಲ್ಲಿ ಮಣ್ಣು ಕುಸಿದಾಗ ಕೇಬಲ್ಲೂ ಅದರೊಡನೆ ಹೋಗುತ್ತದೆ. ಹೊಳೆ, ಕಾಡು, ಖಾಸಗಿ ತೋಟ ಇವುಗಳನ್ನು ದಾಟಿಸಿ ಕಾಲುವೆ ತೋಡುವುದು ಖರ್ಚಿನ ಮತ್ತು ಅನುಮತಿಗಳ ಕೆಲಸ. ಎದುರುಬದುರು ಕಾಣುವ ಎರಡು ಊರುಗಳು ರಸ್ತೆಯ ಲೆಕ್ಕದಲ್ಲಿ ಬಹಳ ದೂರವಿರುವುದು ಮಲೆನಾಡಿನಲ್ಲಿ ಸಾಮಾನ್ಯ. ಕಣ್ಣಿಗೆ ಕಾಣುವ ದೂರಕ್ಕೆ ಬೆಳಕನ್ನು ಕಳಿಸುವುದು ಅಲ್ಲಿ ಸಹಜವಾಗಿಯೇ ಹೊಳೆಯುವ ದಾರಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮಲೆನಾಡಿನವರಿಗೆ ಈ ಉಪಕರಣವನ್ನು ತೋರಿಸಿದರೆ, ಆರಿದ್ರಾ ಮಳೆಯ ಹೊತ್ತಿಗೆ ಇದರ ಗತಿಯೇನು ಎಂಬುದೇ ಅವರ ಮೊದಲ ಪ್ರಶ್ನೆಯಾಗಿರುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಬೆಳಕಿನ ದೊಡ್ಡ ಶತ್ರು ಮಳೆಯಲ್ಲ, ಮಂಜು. ಚಾರ್ಮಾಡಿ ಘಾಟಿಯಲ್ಲಿ ವಾಹನ ಓಡಿಸುವವರು ಇದನ್ನು ಬಲ್ಲರು: ಜೋರು ಮಳೆಯಲ್ಲಿ ವೈಪರ್ ಹಾಕಿಕೊಂಡು ನಿಧಾನವಾಗಿಯಾದರೂ ಮುಂದೆ ಹೋಗಬಹುದು, ಮಂಜು ಕವಿದರೆ ದೀಪದ ಬೆಳಕು ಮರಳಿ ಕಣ್ಣಿಗೇ ಹೊಡೆಯುತ್ತದೆ. ಒಂದು ಘನ ಮೀಟರ್ ಗಾಳಿಯಲ್ಲಿರುವ ನೀರನ್ನು ತೂಗಿದರೆ ಜೋರು ಮಳೆಯಲ್ಲೇ ಹೆಚ್ಚು ನೀರಿರುತ್ತದೆ. ಮಂಜಿನಲ್ಲಿರುವುದು ಸಾಮಾನ್ಯವಾಗಿ ಅರ್ಧ ಗ್ರಾಮಿಗೂ ಕಡಿಮೆ. ಕಡಿಮೆ ನೀರು ಹೆಚ್ಚು ಬೆಳಕನ್ನು ತಡೆಯುವುದಕ್ಕೆ ಹನಿಯ ಗಾತ್ರವೇ ಕಾರಣ. ಎರಡು ಮಿಲಿಮೀಟರಿನ ಒಂದು ಮಳೆಹನಿಯನ್ನು, ಅದರ ನೂರನೆಯ ಒಂದು ಭಾಗದಷ್ಟು ಅಗಲದ ಮಂಜಿನ ಹನಿಗಳನ್ನಾಗಿ ಒಡೆದರೆ ಹತ್ತು ಲಕ್ಷ ಹನಿಗಳಾಗುತ್ತವೆ, ಮತ್ತು ಅವೆಲ್ಲವೂ ಸೇರಿ ಬೆಳಕಿಗೆ ಒಡ್ಡುವ ಅಡ್ಡಗೋಡೆಯ ವಿಸ್ತಾರ ನೂರು ಪಟ್ಟು ಹೆಚ್ಚುತ್ತದೆ. ಒಂದು ಹಿಡಿ ಅಕ್ಕಿಯನ್ನು ಗಾಳಿಗೆ ತೂರಿದರೆ ಎದುರಿಗಿದ್ದವರ ಮುಖ ಕಾಣುತ್ತಲೇ ಇರುತ್ತದೆ. ಅದೇ ಅಕ್ಕಿಯನ್ನು ಹಿಟ್ಟು ಮಾಡಿ ತೂರಿದರೆ ಕಾಣುವುದಿಲ್ಲ.

ಈ ನಷ್ಟವನ್ನು ಡೆಸಿಬಲ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಹತ್ತು ಡೆಸಿಬಲ್ ನಷ್ಟವೆಂದರೆ ಬೆಳಕು ಹತ್ತನೆಯ ಒಂದು ಭಾಗಕ್ಕೆ ಇಳಿಯಿತೆಂದು ಅರ್ಥ, ಇಪ್ಪತ್ತು ಎಂದರೆ ನೂರನೆಯ ಒಂದು ಭಾಗಕ್ಕೆ, ಮೂವತ್ತು ಎಂದರೆ ಸಾವಿರದ ಒಂದು ಭಾಗಕ್ಕೆ. ಎಂಜಿನಿಯರುಗಳು ಬಳಸುವ ಒಂದು ಅನುಕೂಲವಾದ ಲೆಕ್ಕವಿದೆ: ಕಣ್ಣಿಗೆ ಎಷ್ಟು ಕಿಲೋಮೀಟರ್ ದೂರ ಕಾಣುತ್ತದೋ ಆ ಸಂಖ್ಯೆಯಿಂದ ಹದಿನೇಳನ್ನು ಭಾಗಿಸಿದರೆ, ಪ್ರತಿ ಕಿಲೋಮೀಟರಿಗೆ ಆಗುವ ನಷ್ಟ ಡೆಸಿಬಲ್ಲುಗಳಲ್ಲಿ ಸಿಗುತ್ತದೆ. ಇಪ್ಪತ್ತು ಕಿಲೋಮೀಟರ್ ಕಾಣುವ ಶುಭ್ರ ದಿನದಲ್ಲಿ ನಷ್ಟ ಒಂದು ಡೆಸಿಬಲ್ಲೂ ಇಲ್ಲ. ಹವಾಮಾನ ಶಾಸ್ತ್ರದಲ್ಲಿ ಮಂಜು ಎಂದು ಕರೆಯುವುದಕ್ಕೆ ಮೇರೆಯಾಗಿರುವ ಒಂದು ಕಿಲೋಮೀಟರ್ ಗೋಚರತೆಯಲ್ಲಿ ಹದಿನೇಳು ಡೆಸಿಬಲ್, ಅಂದರೆ ಐವತ್ತರಲ್ಲಿ ಒಂದು ಪಾಲು ಬೆಳಕು ಮಾತ್ರ ಆಚೆ ಮುಟ್ಟುತ್ತದೆ. ಐವತ್ತು ಮೀಟರಿನಾಚೆ ಏನೂ ಕಾಣದ ದಟ್ಟ ಮಂಜಿನಲ್ಲಾದರೋ ನಷ್ಟ ಕಿಲೋಮೀಟರಿಗೆ 340 ಡೆಸಿಬಲ್. ಅಂಥ ಮಂಜಿನಲ್ಲಿ ಕೇವಲ 300 ಮೀಟರ್ ದಾಟುವಷ್ಟರಲ್ಲಿ ಬೆಳಕು ಸಾವಿರ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಾಗಿರುತ್ತದೆ. ಲೇಸರಿನ ಶಕ್ತಿಯನ್ನು ಹತ್ತು ಪಟ್ಟು ಏರಿಸಿದರೆ ಗಳಿಕೆ ಹತ್ತೇ ಡೆಸಿಬಲ್, ಅಂದರೆ ಇಂಥ ಮಂಜಿನಲ್ಲಿ ಮೂವತ್ತು ಮೀಟರ್ ಹೆಚ್ಚು ದೂರ, ಅಷ್ಟೇ. ಶಕ್ತಿಯನ್ನು ಹೆಚ್ಚಿಸಿ ಮಂಜನ್ನು ಗೆಲ್ಲುತ್ತೇವೆ ಎನ್ನುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಬೆಳಕಿನ ಅಲೆಯ ಉದ್ದವನ್ನು ಬದಲಾಯಿಸಿದರೆ ಮಂಜನ್ನು ದಾಟಬಹುದೆಂಬ ಮಾತೂ ಒಂದು ಕಾಲದಲ್ಲಿ ಬಲವಾಗಿ ಕೇಳಿಬರುತ್ತಿತ್ತು. ರೂಢಿಯಲ್ಲಿರುವುದು ಮುಖ್ಯವಾಗಿ 850 ಮತ್ತು 1550 ನ್ಯಾನೊಮೀಟರ್ ಉದ್ದದ ಅಲೆಗಳು. ಬೇಸಿಗೆಯಲ್ಲಿ ಹೊಗೆ, ದೂಳು ಸೇರಿ ಕವಿಯುವ ಮಬ್ಬಿನಲ್ಲಿ ಉದ್ದನೆಯ ಅಲೆ ಸ್ವಲ್ಪ ಮೇಲು. ದಟ್ಟ ಮಂಜಿನಲ್ಲಿ ಹನಿಗಳು ಎರಡೂ ಅಲೆಗಳಿಗಿಂತ ದೊಡ್ಡವಾಗಿರುವುದರಿಂದ ಎರಡಕ್ಕೂ ಒಂದೇ ಗತಿ. ಆದರೂ 1550ನ್ನು ಆರಿಸಿಕೊಳ್ಳಲು ಬೇರೊಂದು ಕಾರಣವಿದೆ: ಆ ಬೆಳಕನ್ನು ಕಣ್ಣಿನ ಮುಂಭಾಗವೇ ಹೀರಿಕೊಳ್ಳುವುದರಿಂದ ಅದು ಒಳಗಿನ ಅಕ್ಷಿಪಟಲದವರೆಗೆ ಹೋಗುವುದಿಲ್ಲ, ಹಾಗಾಗಿ ಸುರಕ್ಷತೆಯ ಮಿತಿಯೊಳಗೇ ಹೆಚ್ಚು ಶಕ್ತಿಯ ಕಿರಣವನ್ನು ಬಳಸಬಹುದು.

ಮಳೆಯ ವಿಷಯವನ್ನು ಬೇಗ ಮುಗಿಸಬಹುದು. ಗಂಟೆಗೆ 25 ಮಿಲಿಮೀಟರ್ ಸುರಿಯುವ ಜೋರು ಮಳೆ ಕಿಲೋಮೀಟರಿಗೆ ಹತ್ತು ಡೆಸಿಬಲ್ಲಿನ ಆಸುಪಾಸಿನಲ್ಲಿ ನಷ್ಟ ಮಾಡುತ್ತದೆ. ಚೆನ್ನಾಗಿ ಯೋಜಿಸಿದ, ಒಂದೆರಡು ಕಿಲೋಮೀಟರಿನ ಸಂಪರ್ಕ ಅದನ್ನು ತಾಳಿಕೊಳ್ಳುತ್ತದೆ. ತೊಂದರೆ ಇರುವುದು ನಮ್ಮ ಮುಂಗಾರಿನ ಸ್ವಭಾವದಲ್ಲಿ. ಮೂಡಿಗೆರೆ, ಕೊಪ್ಪ, ಶೃಂಗೇರಿಯ ಕಡೆ ಮಳೆ ಒಂಟಿಯಾಗಿ ಬರುವುದು ಕಡಿಮೆ, ನೆಲಕ್ಕಿಳಿದ ಮೋಡವನ್ನೂ ಜೊತೆಗೆ ಕರೆತರುತ್ತದೆ. ಇದಲ್ಲದೆ ಪೆಟ್ಟಿಗೆಯ ಗಾಜಿನ ಮೇಲೆ ತೇವ ಕಟ್ಟುತ್ತದೆ, ಹೊರಮೈಯಲ್ಲಿ ಪಾಚಿ ಹಿಡಿಯುತ್ತದೆ, ಜೇಡ ಬಲೆ ನೇಯುತ್ತದೆ. ಗಾಜನ್ನು ಬೆಚ್ಚಗಿಡುವ ಏರ್ಪಾಡು, ಆಗಾಗ ಮೇಲೆ ಹತ್ತಿ ಒರೆಸುವ ಒಬ್ಬ ಮನುಷ್ಯ, ಇವೆರಡನ್ನೂ ಖರ್ಚಿನ ಪಟ್ಟಿಯಲ್ಲಿ ಮೊದಲೇ ಸೇರಿಸಿಕೊಳ್ಳುವುದು ಒಳ್ಳೆಯದು.

ಇನ್ನು ಪೂರ್ವಕ್ಕೆ ತಿರುಗಿ ಕಡೂರು, ಅರಸೀಕೆರೆಯ ಬಯಲಿಗೆ ಇಳಿದರೆ ಸಮಸ್ಯೆಯ ಸ್ವರೂಪವೇ ಬೇರೆ. ಮಾರ್ಚ್, ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಉತ್ತ ಹೊಲದ ಮೇಲಿನ ಗಾಳಿ ನಡುಗುವುದನ್ನು ಎಲ್ಲರೂ ನೋಡಿದ್ದೇವೆ. ಕಾದ ನೆಲದಿಂದ ಮೇಲೇಳುವ ಬಿಸಿ ಗಾಳಿಯೂ ಮೇಲಿನ ತಂಪು ಗಾಳಿಯೂ ಬೆರೆಯುವಾಗ ಕೆಲವು ಮಿಲಿಮೀಟರುಗಳಿಂದ ಹಲವು ಮೀಟರುಗಳವರೆಗಿನ ಸುಳಿಗಳು ಹುಟ್ಟುತ್ತವೆ. ಉಷ್ಣಾಂಶ ಒಂದು ಡಿಗ್ರಿ ಬದಲಾದರೆ ಗಾಳಿಯ ವಕ್ರೀಭವನ ಸೂಚ್ಯಂಕ, ಅಂದರೆ ಅದು ಬೆಳಕನ್ನು ಎಷ್ಟು ಬಾಗಿಸುತ್ತದೆಂಬುದರ ಅಳತೆ, ಬದಲಾಗುವುದು ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ಮಾತ್ರ. ಆದರೆ ಕಿರಣ ಕಿಲೋಮೀಟರುಗಟ್ಟಲೆ ದಾರಿಯಲ್ಲಿ ಇಂಥ ಅಸಂಖ್ಯ ಸುಳಿಗಳನ್ನು ಹಾಯಬೇಕಾಗುವುದರಿಂದ, ಪ್ರತಿಯೊಂದೂ ಒಂದೊಂದು ದುರ್ಬಲ ಮಸೂರವಾಗಿ ಅದನ್ನು ಅತ್ತಿತ್ತ ಬಾಗಿಸುತ್ತದೆ. ನಕ್ಷತ್ರಗಳು ಮಿನುಗುವುದೂ ಇದೇ ಕಾರಣಕ್ಕೆ. ಈ ಮಿನುಗು ಕಣ್ಣಿಗೆ ಚೆಂದ, ಸಂಪರ್ಕಕ್ಕೆ ಕುತ್ತು: ಸೆಕೆಂಡಿಗೆ ಮಾಹಿತಿಯ ಅತಿ ಚಿಕ್ಕ ತುಣುಕುಗಳಾದ ಸಾವಿರ ಕೋಟಿ ಬಿಟ್‌ಗಳನ್ನು ಸಾಗಿಸುವ ಕಿರಣ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ಮಸುಕಾದರೂ ಒಂದು ಕೋಟಿ ಬಿಟ್‌ಗಳು ಕಳೆದುಹೋಗುತ್ತವೆ.

ಸಮಾಧಾನದ ಸಂಗತಿಯೆಂದರೆ, ಮಂಜಿಗೆ ಇಲ್ಲದ ಮದ್ದು ಇದಕ್ಕಿದೆ. ಪಡೆಯುವ ಕಡೆಯ ಮಸೂರವನ್ನು ದೊಡ್ಡದು ಮಾಡಿದರೆ ಅದರ ಒಂದು ಭಾಗದಲ್ಲಿ ಬೆಳಕು ಕುಂದಿದಾಗ ಇನ್ನೊಂದು ಭಾಗದಲ್ಲಿ ಹೆಚ್ಚಿ, ಒಟ್ಟು ಏರಿಳಿತ ತಗ್ಗುತ್ತದೆ. ಒಂದರ ಬದಲು ಮೂರು ನಾಲ್ಕು ಕಿರಣಗಳನ್ನು ಸ್ವಲ್ಪ ಅಂತರದಲ್ಲಿ ಕಳಿಸಿದರೂ ಇದೇ ಫಲ. ಕಳೆದುಹೋದ ಬಿಟ್‌ಗಳನ್ನು ಲೆಕ್ಕ ಹಾಕಿ ಮರಳಿ ಪಡೆಯುವ ಸಂಕೇತ ಪದ್ಧತಿಗಳಿವೆ. ಎಲ್ಲಕ್ಕಿಂತ ಅಗ್ಗದ ಉಪಾಯವೆಂದರೆ ಕಿರಣವನ್ನು ಕಾದ ನೆಲದಿಂದ ಸಾಕಷ್ಟು ಮೇಲೆ ಹಾಯಿಸುವುದು, ಏಕೆಂದರೆ ಎತ್ತರಕ್ಕೆ ಹೋದಂತೆ ಈ ಕಲಕಾಟ ಬೇಗ ಕಡಿಮೆಯಾಗುತ್ತದೆ. ದಿನದಲ್ಲಿ ಗಾಳಿ ಅತ್ಯಂತ ಶಾಂತವಾಗಿರುವುದು ಸೂರ್ಯೋದಯವಾದ ಸ್ವಲ್ಪ ಹೊತ್ತಿಗೆ ಮತ್ತು ಸೂರ್ಯಾಸ್ತಕ್ಕೆ ತುಸು ಮೊದಲು. ದುರದೃಷ್ಟವಶಾತ್ ಮಲೆನಾಡಿನ ಚಳಿಗಾಲದಲ್ಲಿ ಆ ಮುಂಜಾನೆಯ ಹೊತ್ತೇ ಮಂಜಿನ ಹೊತ್ತೂ ಆಗಿರುತ್ತದೆ.

ಸಣ್ಣಪುಟ್ಟ ಅಡಚಣೆಗಳು ಇನ್ನೂ ಇವೆ. ಪೂರ್ವ ಪಶ್ಚಿಮವಾಗಿ ಹೂಡಿದ ಸಂಪರ್ಕದಲ್ಲಿ ಬೆಳಿಗ್ಗೆ ಅಥವಾ ಸಂಜೆ ಸೂರ್ಯನೇ ನೇರವಾಗಿ ಮಸೂರದೊಳಗೆ ಇಣುಕುತ್ತಾನೆ. ಬಿಸಿಲಿಗೆ ಗೋಪುರದ ಕಬ್ಬಿಣ ಹಿಗ್ಗಿ, ಗಾಳಿಗೆ ತೂಗಿ ಕಿರಣ ಗುರಿ ತಪ್ಪುತ್ತದೆ. ಕಿಲೋಮೀಟರಿಗೆ ಒಂದು ಮೀಟರಿನಷ್ಟು ಹರಡುವ ಕಿರಣವಾದರೆ ಈ ಅಲುಗಾಟವನ್ನು ತಕ್ಕಮಟ್ಟಿಗೆ ಸಹಿಸುತ್ತದೆ. ಅದಕ್ಕಿಂತ ಕಿರಿದಾದರೆ ಗುರಿಯನ್ನು ತಾನೇ ಹಿಂಬಾಲಿಸುವ ಕನ್ನಡಿಗಳು ಬೇಕು. ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಬೇಗ ಬೆಳೆಯುವ ಮರವಾದ್ದರಿಂದ, ಇಂದು ತೆರೆದಿರುವ ನೋಟ ಕೆಲವು ವರ್ಷಗಳಲ್ಲಿ ಮುಚ್ಚಿಹೋಗಬಹುದು. ತೋಟದ ಮಾಲೀಕರೊಡನೆ ಮೊದಲೇ ಮಾತನಾಡಿಕೊಳ್ಳುವುದು ಒಳ್ಳೆಯದು.

ಸ್ಥಳದ ಆಯ್ಕೆಯಲ್ಲಿ ರೇಡಿಯೊದ ರೂಢಿ ನಮ್ಮನ್ನು ದಾರಿ ತಪ್ಪಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ರೇಡಿಯೊ ಗೋಪುರಕ್ಕೆ ಎತ್ತರದ ಶಿಖರವೇ ಮೇಲು. ಆ ರೂಢಿಯಲ್ಲೇ ಬೆಳಕಿನ ಪೆಟ್ಟಿಗೆಯನ್ನೂ 1,900 ಮೀಟರಿಗೂ ಮಿಗಿಲಾದ ಮುಳ್ಳಯ್ಯನಗಿರಿಯ ನೆತ್ತಿಗೋ ಬಾಬಾಬುಡನ್‌ಗಿರಿಯ ಸಾಲಿಗೋ ಏರಿಸಿದರೆ, ಮುಂಗಾರಿನ ತಿಂಗಳುಗಳಲ್ಲಿ ಅದು ಬಹುಕಾಲ ಮೋಡದೊಳಗೇ ಇರುತ್ತದೆ; ಬೆಳಕಿಗೆ ಮೋಡವೂ ಮಂಜೂ ಬೇರೆಯಲ್ಲ. ಕಣಿವೆಯ ತಳವೂ ಸುರಕ್ಷಿತವಲ್ಲ, ಏಕೆಂದರೆ ಚಳಿಗಾಲದ ನಿರಭ್ರ ರಾತ್ರಿಗಳಲ್ಲಿ ನೆಲ ತಣಿದು ಹೇಮಾವತಿಯಂಥ ಹೊಳೆಗಳ ಪಾತ್ರದಲ್ಲಿ ಮಂಜು ನಿಲ್ಲುತ್ತದೆ. ಆದರೆ ಆ ಮಂಜು ಬಿಸಿಲೇರಿದ ಮೇಲೆ ಕರಗುತ್ತದೆ, ಶಿಖರದ ಮೋಡ ದಿನಗಟ್ಟಲೆ ಕದಲುವುದಿಲ್ಲ. ಆದ್ದರಿಂದ ಇಳಿಜಾರಿನ ನಡುಮಟ್ಟದಲ್ಲಿ, ಮೋಡದ ಬುಡಕ್ಕಿಂತ ಕೆಳಗೆ ಮತ್ತು ಕಣಿವೆಯ ಮಂಜಿಗಿಂತ ಮೇಲೆ, ದೊಡ್ಡದೊಂದು ಜಿಗಿತದ ಬದಲು ಚಿಕ್ಕ ಚಿಕ್ಕ ಜಿಗಿತಗಳಲ್ಲಿ ಸಂಪರ್ಕವನ್ನು ಸಾಗಿಸುವುದು ಲೇಸು.

ಒಳ್ಳೆಯ ಸ್ಥಳ ಸಿಕ್ಕಿದರೆ ಈ ತಂತ್ರಜ್ಞಾನ ಏನು ಮಾಡಬಲ್ಲದೆಂಬುದಕ್ಕೆ ಆಫ್ರಿಕಾದಲ್ಲಿ ನಿದರ್ಶನವಿದೆ. ಗೂಗಲ್‌ನ ಮಾತೃಸಂಸ್ಥೆಯಾದ ಆಲ್ಫಬೆಟ್‌ನ ತಾರಾ ಯೋಜನೆ 2021ರಲ್ಲಿ ಕಾಂಗೊ ನದಿಯ ಎರಡು ದಡಗಳ ಬ್ರಾಝವಿಲ್ ಮತ್ತು ಕಿನ್ಶಾಸಾ ನಗರಗಳನ್ನು 4.8 ಕಿಲೋಮೀಟರ್ ಉದ್ದದ ಕಿರಣದಿಂದ ಜೋಡಿಸಿತು. ಫೈಬರ್ ಕೇಬಲ್ ಅದೇ ನದಿಯನ್ನು ದಾಟಲು 400 ಕಿಲೋಮೀಟರಿಗೂ ಹೆಚ್ಚು ಸುತ್ತಬೇಕಾಗಿತ್ತು. ಇಪ್ಪತ್ತು ದಿನಗಳಲ್ಲಿ ಸುಮಾರು 700 ಟೆರಾಬೈಟ್ ಮಾಹಿತಿ ಸಾಗಿತು, ಸಂಪರ್ಕ ಶೇ. 99.9ರಷ್ಟು ಕಾಲ ಉಳಿಯಿತು. ಸ್ಯಾನ್ ಫ್ರಾನ್ಸಿಸ್ಕೊದಂಥ ಮಂಜಿನ ಊರು ಇದಕ್ಕೆ ತಕ್ಕ ಜಾಗವಲ್ಲವೆಂದು ಆ ತಂಡವೇ ಹೇಳಿತು. 99.9 ಎಂಬ ಅಂಕಿಯೂ ಕೇಳುವುದಕ್ಕೆ ಪೂರ್ಣವೆನಿಸಿದರೂ, ವರ್ಷಕ್ಕೆ ಎಂಟೂಮುಕ್ಕಾಲು ಗಂಟೆ ಸಂಪರ್ಕವಿಲ್ಲವೆಂದೇ ಅದರ ಅರ್ಥ. ದೊಡ್ಡ ದೂರವಾಣಿ ಜಾಲಗಳು ಬಯಸುವ 99.999ರಲ್ಲಿ ಆ ಅವಧಿ ಐದೇ ನಿಮಿಷ.

ಹಾಸನದಲ್ಲಿ 1982ರಿಂದ ಕೆಲಸ ಮಾಡುತ್ತಿರುವ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರದ ದೊಡ್ಡ ದೊಡ್ಡ ಆಂಟೆನಾಗಳು ಉಪಗ್ರಹಗಳೊಡನೆ ರೇಡಿಯೊ ತರಂಗಗಳಲ್ಲೇ ಮಾತನಾಡುತ್ತವೆ. ಮೋಡ ಕವಿದ ದಿನವೂ ಉಪಗ್ರಹದ ಮೇಲಿನ ಹಿಡಿತ ತಪ್ಪಬಾರದಾದ ಕೆಲಸಕ್ಕೆ ಅದೇ ಸರಿ. ಲೇಸರ್ ಬಾಹ್ಯಾಕಾಶದಲ್ಲಿ ಎಷ್ಟು ಸಮರ್ಥವೆಂಬುದು 2023ರ ಡಿಸೆಂಬರಿನಲ್ಲಿ ನಾಸಾದ ಸೈಕಿ ನೌಕೆ ಸುಮಾರು 3 ಕೋಟಿ ಕಿಲೋಮೀಟರ್ ದೂರದಿಂದ ವಿಡಿಯೊ ಕಳಿಸಿದಾಗ ತಿಳಿಯಿತು. ಅಲ್ಲಿ ದಾರಿಯೆಲ್ಲ ನಿರ್ವಾತ. ಕಷ್ಟ ಶುರುವಾಗುವುದು ಕೊನೆಯ ಕೆಲವು ಕಿಲೋಮೀಟರುಗಳ ವಾಯುಮಂಡಲದಲ್ಲಿ.

ನೆಲದ ಮೇಲಿನ ಸಂಪರ್ಕಕ್ಕೆ ಎಂಜಿನಿಯರುಗಳು ಕಂಡುಕೊಂಡಿರುವ ದಾರಿಯೆಂದರೆ ಬೆಳಕಿನ ಜೊತೆಗೆ ಒಂದು ರೇಡಿಯೊ ಸಂಪರ್ಕವನ್ನೂ ಇಡುವುದು. ಮಿಲಿಮೀಟರ್ ಗಾತ್ರದ ರೇಡಿಯೊ ಅಲೆಗಳಿಗೆ ಮಂಜು ಲೆಕ್ಕಕ್ಕಿಲ್ಲ, ಆದರೆ ತಮ್ಮಷ್ಟೇ ಗಾತ್ರದ ಮಳೆಹನಿಗಳು ಅವನ್ನು ಚೆನ್ನಾಗಿ ಕಾಡುತ್ತವೆ. ಬೆಳಕಿನ ಕಥೆ ಇದಕ್ಕೆ ತಿರುವುಮುರುವು. ಹೀಗಾಗಿ ಬಹಳ ಊರುಗಳಲ್ಲಿ ಒಂದು ಸೋತಾಗ ಇನ್ನೊಂದು ನಿಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೂ ಮಂಜೂ ಒಟ್ಟಿಗೇ ಇಳಿಯುವ ನಮ್ಮ ಘಟ್ಟದಂಚಿನಲ್ಲಿ ಮಾತ್ರ ಈ ಜೋಡಿಯ ಲೆಕ್ಕ ತಪ್ಪುತ್ತದೆ. ಅಲ್ಲಿ ಜೊತೆಗೆ ಇಡಬೇಕಾದದ್ದು ಇನ್ನೂ ಉದ್ದನೆಯ ಅಲೆಯ, ಐದಾರು ಗಿಗಾಹರ್ಟ್ಸ್ ಸುತ್ತಿನ ರೇಡಿಯೊ. ಅದು ಮಾಹಿತಿಯನ್ನು ಸಾಗಿಸುವ ವೇಗ ಬೆಳಕಿನ ಸಂಪರ್ಕದ ಎದುರು ಅತ್ಯಲ್ಪ, ಆದರೆ ಮಳೆಗೂ ಮಂಜಿಗೂ ಅದು ಸುಲಭವಾಗಿ ಬಗ್ಗುವುದಿಲ್ಲ. ದೂರವಾಣಿ ಕರೆ, ಬ್ಯಾಂಕಿನ ಹಣ ಪಾವತಿ, ಆಸ್ಪತ್ರೆಯ ತುರ್ತು ಸಂದೇಶ, ಇಷ್ಟಕ್ಕೆ ಆ ವೇಗ ಸಾಕು. ಮಂಜು ತಿಳಿಯಾಗುವವರೆಗೆ ಚಲನಚಿತ್ರ ನೋಡುವವರು ಕಾಯಬಹುದು. ನಮಸ್ಕಾರ.